ಪಾರ್ಥೆನಾನ್: ಅಳೆದವರು, ನಕಲು ಮಾಡಿದವರು

ಗ್ರೀಕರ ವಾಸ್ತುಶಿಲ್ಪ ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ಬರುವ ಚಿತ್ರ ಒಂದೇ. ಗುಡ್ಡದ ನೆತ್ತಿಯಲ್ಲಿ ಸಾಲುಗಂಬಗಳು, ಅವುಗಳ ಮೇಲೆ ತ್ರಿಕೋನದ ಮಾಡು, ಎಲ್ಲವೂ ಹಾಲಿನಂತೆ ಬಿಳಿ, ಎಲ್ಲ ರೇಖೆಗಳೂ ದಾರ ಹಿಡಿದು ಎಳೆದಂತೆ ನೇರ. ಅಥೆನ್ಸ್ ನಗರದ ಅಕ್ರೊಪೊಲಿಸ್ ಗುಡ್ಡದ ಮೇಲಿರುವ ಪಾರ್ಥೆನಾನ್ ಗುಡಿಯ ಚಿತ್ರವಿದು. ಈ ಚಿತ್ರದಲ್ಲಿ ಎರಡು ತಪ್ಪುಗಳಿವೆ. ಗುಡಿ ಬಿಳಿಯಾಗಿರಲಿಲ್ಲ, ಅದರ ರೇಖೆಗಳು ನೇರವಾಗಿಲ್ಲ. ಕಳೆದ ಎರಡೂವರೆ ಶತಮಾನಗಳಲ್ಲಿ ಈ ಕಟ್ಟಡದಷ್ಟು ಶ್ರದ್ಧೆಯಿಂದ ಅಳೆಸಿಕೊಂಡ ಕಟ್ಟಡಗಳು ಬಹಳ ಕಡಿಮೆ. ಅಷ್ಟೆಲ್ಲ ಅಳೆದ ಮೇಲೂ ಈ ತಪ್ಪುಗಳು ಏಕೆ ಉಳಿದವು, ತಪ್ಪು ಚಿತ್ರವನ್ನು ನಂಬಿದ್ದರಿಂದ ಮೂಲ ಕಟ್ಟಡಕ್ಕೇ ಏನೇನು ಆಯಿತು ಎಂಬುದು ಇಂದಿನ ಮಾತಿನ ವಿಷಯ.

ಮೊದಲು ಕಟ್ಟಡದ ಪರಿಚಯ. ಕ್ರಿ.ಪೂ. 447ರಲ್ಲಿ, ಪೆರಿಕ್ಲೀಸ್ ಅಥೆನ್ಸಿನ ಮುಂದಾಳಾಗಿದ್ದಾಗ ಕೆಲಸ ಆರಂಭವಾಯಿತು. ಕ್ರಿ.ಪೂ. 438ರಲ್ಲಿ ಒಳಗೆ ಅಥೀನಾ ದೇವಿಯ ಮೂರ್ತಿಯ ಪ್ರತಿಷ್ಠೆಯಾಯಿತು. ಹೊರಗಿನ ಶಿಲ್ಪಗಳು ಮುಗಿಯಲು ಮತ್ತೂ ಆರು ವರ್ಷ ಹಿಡಿಯಿತು. ಇಕ್ಟಿನಸ್ ಮತ್ತು ಕ್ಯಾಲಿಕ್ರಟೀಸ್ ವಾಸ್ತುಶಿಲ್ಪಿಗಳು, ಶಿಲ್ಪದ ಮೇಲ್ವಿಚಾರಣೆ ಫಿಡಿಯಾಸ್‌ನದು. ಜಗತಿಯ ಮೇಲ್ಮೆಟ್ಟಿಲಿನ ಉದ್ದ ಸುಮಾರು 69.5 ಮೀಟರ್, ಅಗಲ 30.9 ಮೀಟರ್. ಎದುರಿಗೆ ಎಂಟು, ಬದಿಗೆ ಹದಿನೇಳು ಎಂಬ ಲೆಕ್ಕದಲ್ಲಿ ಸುತ್ತಲೂ 46 ಕಂಬಗಳು. ಒಂದೊಂದರ ಎತ್ತರ ಹತ್ತು ಮೀಟರಿಗೂ ತುಸು ಹೆಚ್ಚು. ಕಲ್ಲು ಬಂದದ್ದು ಸುಮಾರು 16 ಕಿಲೋಮೀಟರ್ ದೂರದ ಪೆಂಟೆಲಿಕಾನ್ ಬೆಟ್ಟದಿಂದ, ಅಪ್ಪಟ ಅಮೃತಶಿಲೆ.

ಇಷ್ಟು ದೊಡ್ಡ ಕೆಲಸಕ್ಕೆ ಹಣ ಎಲ್ಲಿಂದ ಬಂತು? ಪರ್ಷಿಯನ್ನರ ವಿರುದ್ಧ ಒಟ್ಟಾಗಿದ್ದ ಗ್ರೀಕ್ ನಗರಗಳು ರಕ್ಷಣೆಗೆಂದು ಕೊಡುತ್ತಿದ್ದ ಕಾಣಿಕೆಯ ಬೊಕ್ಕಸವನ್ನು ಅಥೆನ್ಸ್ ಕ್ರಿ.ಪೂ. 454ರಲ್ಲಿ ತನ್ನಲ್ಲಿಗೆ ತರಿಸಿಕೊಂಡಿತ್ತು. ಆ ಹಣದಿಂದ ನಗರವನ್ನು ಸಿಂಗರಿಸುತ್ತಿದ್ದಾರೆ ಎಂದು ಪೆರಿಕ್ಲೀಸನ ವಿರೋಧಿಗಳು ಆಗಲೇ ಆಕ್ಷೇಪಿಸಿದ್ದರೆಂದು ಪ್ಲುಟಾರ್ಕ್ ದಾಖಲಿಸಿದ್ದಾನೆ. ದುಡಿದವರ ಬಗೆಗೂ ದಾಖಲೆಗಳಿವೆ. ಪಕ್ಕದಲ್ಲೇ ಇರುವ ಎರೆಕ್ಥಿಯಾನ್ ಗುಡಿಯ ಲೆಕ್ಕಪತ್ರವನ್ನು ಕಲ್ಲಿನಲ್ಲೇ ಕೆತ್ತಿ ಇಟ್ಟಿದ್ದರು. ಕಂಬಗಳ ಮೈಗೆ ಉದ್ದುದ್ದ ಗೆರೆ ಹೊಡೆಯುವ ಕೆಲಸದಲ್ಲಿ ನಾಗರಿಕರು, ಹೊರಗಿನಿಂದ ಬಂದು ನೆಲೆಸಿದವರು, ಗುಲಾಮರು ಮೂವರೂ ಒಂದೇ ಕಂಬದ ಬಳಿ ದುಡಿದದ್ದು ಅದರಿಂದ ತಿಳಿಯುತ್ತದೆ. ಮೂವರಿಗೂ ದಿನಕ್ಕೆ ಒಂದೇ ಕೂಲಿ, ಒಂದು ಡ್ರಾಕ್ಮಾ. ಗುಲಾಮನ ಕೂಲಿ ಯಜಮಾನನ ಕೈ ಸೇರುತ್ತಿತ್ತು ಎಂದೇ ಊಹಿಸಬೇಕು. ಪ್ರಜಾಪ್ರಭುತ್ವದ ಸಂಕೇತವೆಂದು ಈ ಗುಡಿಯನ್ನು ಮುಂದೆ ಹೊಗಳಿದವರು ಈ ಲೆಕ್ಕಪತ್ರವನ್ನು ಅಷ್ಟಾಗಿ ಓದಿದಂತಿಲ್ಲ.

ಗುಡಿ ಕಟ್ಟಿದ ಮೇಲೆ ಸುಮಾರು ಸಾವಿರ ವರ್ಷ ಅಥೀನಾ ದೇವಿಯದಾಗಿ ಉಳಿಯಿತು. ಆಮೇಲೆ ಚರ್ಚ್ ಆಯಿತು. ಹದಿನೈದನೆಯ ಶತಮಾನದಲ್ಲಿ ಅಥೆನ್ಸ್ ತುರ್ಕರ ವಶವಾದ ಬಳಿಕ ಮಸೀದಿಯಾಯಿತು. ದೇವರು ಬದಲಾದರೂ ಪೂಜೆ ನಿಲ್ಲಲಿಲ್ಲ, ಆದ್ದರಿಂದಲೇ ಮಾಡೂ ಗೋಡೆಯೂ ಉಳಿದಿದ್ದವು. ಅನರ್ಥವಾದದ್ದು 1687ರ ಸೆಪ್ಟೆಂಬರ್ 26ರಂದು. ವೆನಿಸ್ ನಗರದ ಸೇನೆ ಮೊರೊಸಿನಿಯ ನಾಯಕತ್ವದಲ್ಲಿ ಅಕ್ರೊಪೊಲಿಸ್‌ಗೆ ಮುತ್ತಿಗೆ ಹಾಕಿತ್ತು. ತುರ್ಕರು ಸಿಡಿಮದ್ದನ್ನು ಪಾರ್ಥೆನಾನ್ ಒಳಗೇ ಕೂಡಿಟ್ಟಿದ್ದರು. ಒಂದು ಗುಂಡು ನೇರ ಅದರೊಳಗೆ ಬಿತ್ತು. ನಡುವಿನ ಗೋಡೆ ಕಂಬಗಳೆಲ್ಲ ಹಾರಿಹೋಗಿ ಸುಮಾರು 300 ಜನ ಸತ್ತರು. ಎರಡು ಸಾವಿರ ವರ್ಷ ನಿಂತಿದ್ದ ಕಟ್ಟಡ ಒಂದು ಸಂಜೆಯಲ್ಲಿ ಹಾಳುಬಿತ್ತು. ಗೆದ್ದ ಮೊರೊಸಿನಿ ಪಶ್ಚಿಮದ ತ್ರಿಕೋನದಲ್ಲಿದ್ದ ಕುದುರೆಗಳ ಶಿಲ್ಪವನ್ನು ಸ್ಮರಣಿಕೆಗೆಂದು ಇಳಿಸಲು ಹೋಗಿ ಅದನ್ನೂ ಕೆಡವಿ ಪುಡಿಮಾಡಿದ. ಹದಿಮೂರು ವರ್ಷ ಮೊದಲು, 1674ರಲ್ಲಿ, ಫ್ರೆಂಚ್ ರಾಯಭಾರಿಯ ಜೊತೆ ಬಂದಿದ್ದ ಚಿತ್ರಕಾರನೊಬ್ಬ ಆ ಶಿಲ್ಪಗಳ ರೇಖಾಚಿತ್ರ ಬರೆದುಕೊಂಡಿದ್ದ. ಕಳೆದುಹೋದ ಶಿಲ್ಪಗಳು ಹೇಗಿದ್ದವು ಎಂಬುದಕ್ಕೆ ಇಂದಿಗೂ ಮುಖ್ಯ ಆಧಾರ ಆ ಹಾಳೆಗಳೇ.

ಅಳತೆಯ ಕಥೆ ಆರಂಭವಾಗುವುದು ಈ ಹಾಳುಬಿದ್ದ ಗುಡಿಯಿಂದ. ಅಲ್ಲಿಯವರೆಗೆ ಯುರೋಪಿನ ಕಟ್ಟಡ ಕಟ್ಟುವವರಿಗೆ ಪ್ರಾಚೀನ ವಾಸ್ತುಶಿಲ್ಪವೆಂದರೆ ರೋಮ್. ಗ್ರೀಸ್ ತುರ್ಕರ ಆಳ್ವಿಕೆಯಲ್ಲಿದ್ದುದರಿಂದ ಅಲ್ಲಿಗೆ ಹೋಗಿಬಂದವರೇ ಕಡಿಮೆ. 1751ರಲ್ಲಿ ಜೇಮ್ಸ್ ಸ್ಟುವರ್ಟ್ ಮತ್ತು ನಿಕೊಲಸ್ ರೆವೆಟ್ ಎಂಬ ಇಬ್ಬರು ಇಂಗ್ಲಿಷರು ಅಥೆನ್ಸಿಗೆ ಬಂದರು. ಸ್ಟುವರ್ಟ್ ಬೀಸಣಿಗೆಗಳ ಮೇಲೆ ಚಿತ್ರ ಬರೆದು ಹೊಟ್ಟೆ ಹೊರೆದು ಮೇಲೆ ಬಂದವನು. ಕಣ್ಣಂದಾಜಿನ ಚಿತ್ರಗಳು ಸಾಲವು, ಒಂದೊಂದು ಕಲ್ಲನ್ನೂ ಅಳೆದು ಬರೆಯಬೇಕು ಎಂಬುದು ಇಬ್ಬರ ಹಟ. ಏಣಿ, ಅಳತೆಗೋಲು ಹಿಡಿದು ಎರಡು ವರ್ಷಕ್ಕೂ ಮೇಲೆ ಕೆಲಸ ಮಾಡಿದರು. ಗಲಭೆ, ಪ್ಲೇಗುಗಳಿಗೆ ಅಂಜಿ ಕೊನೆಗೆ ಊರು ಬಿಡಬೇಕಾಯಿತು.

ಇಷ್ಟಾಗಿ ಪುಸ್ತಕ ಹೊರಬರಲು ಬಹಳ ತಡವಾಯಿತು. ಅಷ್ಟರೊಳಗೆ ಫ್ರಾನ್ಸಿನ ಲೆ ರಾಯ್ 1758ರಲ್ಲಿ ತನ್ನ ಪುಸ್ತಕ ತಂದುಬಿಟ್ಟ. ಸ್ಟುವರ್ಟ್ ಮತ್ತು ರೆವೆಟ್ ಅವರ ಮೊದಲ ಸಂಪುಟ ಬಂದದ್ದು 1762ರಲ್ಲಿ. ಅದರಲ್ಲಿ ಲೆ ರಾಯ್‌ನ ಅಳತೆಯ ತಪ್ಪುಗಳನ್ನು ಎಣಿಸಿ ಎಣಿಸಿ ತೋರಿಸಿದ್ದರು. ಓದುಗರು ಕಾಯುತ್ತಿದ್ದ ಪಾರ್ಥೆನಾನ್ ಮಾತ್ರ ಅದರಲ್ಲಿ ಇರಲಿಲ್ಲ. ಅದು ಬಂದ ಎರಡನೆಯ ಸಂಪುಟ ಹೊರಬೀಳುವಾಗ ಸ್ಟುವರ್ಟ್ ಬದುಕಿರಲಿಲ್ಲ. ತಡವಾದರೂ ಇಬ್ಬರ ಶ್ರಮ ವ್ಯರ್ಥವಾಗಲಿಲ್ಲ. ಅಥೆನ್ಸಿನ ಇಲಿಸಸ್ ಹೊಳೆಯ ದಂಡೆಯಲ್ಲಿ ಪುಟ್ಟ ಅಯೋನಿಕ್ ಗುಡಿಯೊಂದಿತ್ತು. 1778ರಲ್ಲಿ ಊರಿಗೆ ಗೋಡೆ ಕಟ್ಟಲು ತುರ್ಕರು ಅದನ್ನು ಕೆಡವಿ ಕಲ್ಲು ಒಯ್ದರು. ಇಂದು ಆ ಗುಡಿಯ ರೂಪವನ್ನು ತಿಳಿಯಬೇಕಾದರೆ ಇವರಿಬ್ಬರ ಪುಸ್ತಕವನ್ನೇ ತೆರೆಯಬೇಕು.

ಪುಸ್ತಕದಿಂದ ಆದ ಇನ್ನೊಂದು ಪರಿಣಾಮವನ್ನು ಅದನ್ನು ಬರೆದವರು ನಿರೀಕ್ಷಿಸಿರಲಿಕ್ಕಿಲ್ಲ. ಅಳತೆ ಕೈಗೆ ಸಿಕ್ಕಿತೆಂದರೆ ಗ್ರೀಸಿಗೆ ಹೋಗದೆಯೂ ಗ್ರೀಕ್ ಗುಡಿ ಕಟ್ಟಬಹುದು. ಅಮೆರಿಕದ ವಿಲಿಯಂ ಸ್ಟ್ರಿಕ್ಲೆಂಡ್ ಪಾರ್ಥೆನಾನನ್ನು ಈ ಪುಸ್ತಕದ ಪುಟಗಳಲ್ಲಿ ನೋಡಿಯೇ ಫಿಲಡೆಲ್ಫಿಯಾದಲ್ಲಿ 1824ರ ಹೊತ್ತಿಗೆ ಒಂದು ಬ್ಯಾಂಕಿಗೆ ಅದರ ಮುಖವನ್ನು ಕೊಟ್ಟ. ದೇವಿಯ ಗುಡಿಯ ಹಿಂದೆ ಬ್ಯಾಂಕೇ ಎಂದು ನಗಬೇಕಾಗಿಲ್ಲ. ಪಾರ್ಥೆನಾನ್ ಒಳಗೂ ಖಜಾನೆಯ ಕೋಣೆಯಿತ್ತು, ದೇವಿಯ ಮೂರ್ತಿಯ ಮೇಲಿನ ಚಿನ್ನವನ್ನು ಯುದ್ಧಕಾಲದಲ್ಲಿ ಕಳಚಿ ಬಳಸಬಹುದೆಂದು ಪೆರಿಕ್ಲೀಸನೇ ಹೇಳಿದ್ದಾಗಿ ಥುಸಿಡಿಡೀಸ್ ಬರೆದಿದ್ದಾನೆ. ಜರ್ಮನಿಯಲ್ಲಿ ಡ್ಯಾನ್ಯೂಬ್ ನದಿಯ ಮೇಲಿನ ಗುಡ್ಡದಲ್ಲಿ 1842ರಲ್ಲಿ ಮುಗಿದ ವಾಲ್‌ಹಲ್ಲಾ ಹೊರಗಿನಿಂದ ಪಾರ್ಥೆನಾನ್, ಒಳಗೆ ಜರ್ಮನ್ ಮಹನೀಯರ ಮೂರ್ತಿಗಳು. ಎಡಿನ್‌ಬರೊ ನಗರದವರು 1826ರಲ್ಲಿ ಯುದ್ಧದಲ್ಲಿ ಮಡಿದವರ ಸ್ಮಾರಕಕ್ಕೆ ಪಾರ್ಥೆನಾನನ್ನೇ ಕಟ್ಟಲು ಹೊರಟರು. ಹನ್ನೆರಡು ಕಂಬ ಏಳುವಷ್ಟರಲ್ಲಿ ಹಣ ಮುಗಿಯಿತು. ಆ ಕಂಬಗಳು ಇಂದಿಗೂ ಹಾಗೆಯೇ ನಿಂತಿವೆ. ನಕಲು ಮಾಡಲು ಹೊರಟವರಿಗೆ ಹಾಳುಗುಡಿಯೇ ದಕ್ಕಿತು!

ಇಂಗ್ಲಿಷರ ಜೊತೆಗೆ ಈ ರೂಪಗಳು ಭಾರತಕ್ಕೂ ಬಂದವು. ಕಲ್ಕತ್ತೆಯಲ್ಲಿ 1820ರ ದಶಕದಲ್ಲಿ ಕಟ್ಟಿದ ಟಂಕಸಾಲೆಯ ಮುಖಮಂಟಪಕ್ಕೆ ಮಾದರಿ ಪಾರ್ಥೆನಾನ್, ಅಳತೆ ಅದರ ಅರ್ಧ. ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ, ವಿಧಾನಸೌಧದ ಎದುರಿಗಿರುವ ಹೈಕೋರ್ಟಿನ ಕಟ್ಟಡವನ್ನು ಎಲ್ಲರೂ ನೋಡಿದ್ದಾರೆ. 1864ರಿಂದ 1868ರ ನಡುವೆ ಕಟ್ಟಿದ ಅದು ಸರ್ಕಾರದ ಹದಿನೆಂಟು ಇಲಾಖೆಗಳಿಗೆ ಮನೆಯಾಗಿ ಅಠಾರ ಕಚೇರಿ ಎನಿಸಿತು. ಅದರದು ಗ್ರೀಕ್ ಮತ್ತು ರೋಮನ್ ಮಿಶ್ರ ಶೈಲಿ. ಮುಖಮಂಟಪದ ಕಂಬಗಳು ಅಯೋನಿಕ್ ಜಾತಿಯವು. ಬೋದಿಗೆಯಲ್ಲಿ ಟಗರಿನ ಕೊಂಬಿನಂತಹ ಸುರುಳಿ ಕಂಡರೆ ಅದು ಅಯೋನಿಕ್ ಎಂದು ನೆನಪಿಟ್ಟುಕೊಂಡರೆ ಸಾಕು. 1980ರ ದಶಕದಲ್ಲಿ ಅದನ್ನು ಕೆಡವುವ ಯೋಚನೆ ಬಂದಾಗ ನಾಗರಿಕರ ವಿರೋಧ ನ್ಯಾಯಾಲಯದವರೆಗೂ ಹೋಯಿತು, ಕಟ್ಟಡ ಉಳಿದಿದೆ. ಈ ಕಟ್ಟಡದ ಬಣ್ಣ ಕೆಂಪು. ಯುರೋಪಿನ ಪಂಡಿತನೊಬ್ಬ ಅದನ್ನು ಕಂಡು ಮುಖ ಸಿಂಡರಿಸಿರಬಹುದು, ಆದರೆ ಪೆರಿಕ್ಲೀಸನ ಕಾಲದ ಗ್ರೀಕನೊಬ್ಬ ಕಂಡಿದ್ದರೆ ಅವನಿಗೆ ವಿಚಿತ್ರವೆನಿಸುತ್ತಿರಲಿಲ್ಲ.

ಏಕೆಂದರೆ ಗ್ರೀಕರ ಗುಡಿಗಳಿಗೆ ಬಣ್ಣವಿತ್ತು. ಕಂಬಗಳ ಮೇಲಿನ ತೊಲೆಯ ಭಾಗದಲ್ಲಿ ಕೆಂಪು ಮತ್ತು ನೀಲಿ, ಅಂಚುಗಳಲ್ಲಿ ಬಣ್ಣದ ಬಳ್ಳಿ, ಶಿಲ್ಪಗಳ ಉಡುಗೆಯಲ್ಲಿ ಚಿತ್ತಾರ. ಮಳೆ, ಬಿಸಿಲು, ಕಾಲ ಇವುಗಳನ್ನು ತೊಳೆದುಹಾಕಿದವು. ಬಿಳಿಯೇ ಸೌಂದರ್ಯದ ಪರಮಾವಧಿ ಎಂಬ ನಂಬಿಕೆಗೆ ಬಲ ಕೊಟ್ಟವನು ಜರ್ಮನಿಯ ವಿಂಕಲ್‌ಮನ್. ಗ್ರೀಕ್ ಕಲೆಯ ಚರಿತ್ರೆಯನ್ನು 1764ರಲ್ಲಿ ಬರೆದ ಆ ದೊಡ್ಡ ವಿದ್ವಾಂಸ ಒಮ್ಮೆಯೂ ಗ್ರೀಸಿಗೆ ಹೋದವನಲ್ಲ. ಅವನು ಕಂಡದ್ದೆಲ್ಲ ಹೆಚ್ಚಾಗಿ ರೋಮಿನಲ್ಲಿದ್ದ ನಕಲುಗಳು, ಮಣ್ಣಿನಿಂದ ತೆಗೆದು ತೊಳೆದಿಟ್ಟವು. 1830ರ ಸುಮಾರಿಗೆ ಹಿಟ್ಟಾರ್ಫ್ ಎಂಬ ವಾಸ್ತುಶಿಲ್ಪಿ ಸಿಸಿಲಿಯ ಗ್ರೀಕ್ ಗುಡಿಗಳಲ್ಲಿ ಕಂಡ ಬಣ್ಣದ ಕುರುಹುಗಳನ್ನು ಆಧರಿಸಿ ಗುಡಿಗಳೆಲ್ಲ ಬಣ್ಣದವೇ ಎಂದು ಪ್ಯಾರಿಸಿನಲ್ಲಿ ವಾದಿಸಿದಾಗ ದೊಡ್ಡ ಜಗಳವೇ ಆಯಿತು. ಪುರಾವೆ ಎಷ್ಟೇ ಬಂದರೂ ಬಿಳಿಯನ್ನು ಬಿಡಲು ಜನರಿಗೆ ಮನಸ್ಸಾಗಲಿಲ್ಲ.

ಇದು ಬರಿಯ ರುಚಿಯ ಮಾತಾಗಿದ್ದರೆ ಇಲ್ಲಿಗೆ ಬಿಡಬಹುದಿತ್ತು. ಆದರೆ ಮನಸ್ಸಿನಲ್ಲಿದ್ದ ಚಿತ್ರಕ್ಕೆ ಹೊಂದುವಂತೆ ಮೂಲವನ್ನೇ ತಿದ್ದುವ ಕೆಲಸ ನಡೆಯಿತು. 1801ರಿಂದ ಎಲ್ಗಿನ್ ಸಾಹೇಬನ ಜನ ಶಿಲ್ಪಗಳನ್ನು ಬಿಡಿಸಿ ಒಯ್ದದ್ದು, 1816ರಲ್ಲಿ ಬ್ರಿಟಿಷ್ ಸರ್ಕಾರ ಅವನ್ನು 35,000 ಪೌಂಡಿಗೆ ಕೊಂಡು ವಸ್ತುಸಂಗ್ರಹಾಲಯಕ್ಕೆ ಕೊಟ್ಟದ್ದು, ಗ್ರೀಸ್ ಅವನ್ನು ವಾಪಸು ಕೇಳುತ್ತಿರುವುದು ಎಲ್ಲರಿಗೂ ಗೊತ್ತಿರುವ ಕಥೆ. ಅಷ್ಟಾಗಿ ಗೊತ್ತಿಲ್ಲದ್ದು 1937 ಮತ್ತು 1938ರ ಕಥೆ. ಲಂಡನ್ನಿನಲ್ಲಿ ಶಿಲ್ಪಗಳಿಗೆ ಹೊಸ ಭವನ ಕಟ್ಟಿಸಿಕೊಡಲು ಮುಂದೆ ಬಂದ ಡ್ಯುವೀನ್ ಎಂಬ ಶ್ರೀಮಂತನಿಗೆ ಅವು ಇನ್ನಷ್ಟು ಬೆಳ್ಳಗಿರಬೇಕಿತ್ತು. ಕೆಲಸಗಾರರು ತಾಮ್ರದ ಉಪಕರಣ, ಉಜ್ಜುಕಲ್ಲು ಹಿಡಿದು ಶಿಲ್ಪಗಳ ಮೈಯನ್ನೇ ಕೆರೆದರು. ಬಣ್ಣದ ಕುರುಹುಗಳು ಉಳಿದಿದ್ದರೆ ಉಳಿಯಬಹುದಾಗಿದ್ದ ಮೇಲ್ಪದರ ಅದು. ಸಂಗ್ರಹಾಲಯ ಒಳಗೊಳಗೆ ವಿಚಾರಣೆ ನಡೆಸಿತು. ಈ ವಿಷಯದ ಮೇಲೆ ಬಹಿರಂಗ ಚರ್ಚಾಸಭೆ ನಡೆದದ್ದು 1999ರಲ್ಲಿ.

ಅಥೆನ್ಸಿನಲ್ಲೂ ತಿದ್ದುಪಡಿ ನಡೆದಿತ್ತು. ಸ್ವತಂತ್ರ ಗ್ರೀಸ್ ಹೊಸ ರಾಷ್ಟ್ರವಾಗಿ ತನ್ನ ಪ್ರಾಚೀನ ವೈಭವವನ್ನು ಮಾತ್ರ ತೋರಿಸಬಯಸಿತು. 1834ರಿಂದ ಅಕ್ರೊಪೊಲಿಸ್ ಮೇಲಿನ ಮನೆಗಳು, ಕೋಟೆಯ ಭಾಗಗಳು, ಪಾರ್ಥೆನಾನ್ ಒಳಗಿನ ಚಿಕ್ಕ ಮಸೀದಿ ಒಂದೊಂದಾಗಿ ಹೋದವು. ಮಧ್ಯಯುಗದ ಎತ್ತರದ ಗೋಪುರವೊಂದನ್ನು 1875ರಲ್ಲಿ ಕೆಡವಲಾಯಿತು. ಖರ್ಚು ಕೊಟ್ಟವನು ಟ್ರಾಯ್ ನಗರವನ್ನು ಅಗೆದ ಶ್ಲೀಮನ್. ಹೀಗೆ ಎರಡು ಸಾವಿರ ವರ್ಷಗಳ ಬದುಕನ್ನು ಗುಡಿಸಿ, ಒಂದೇ ಶತಮಾನವನ್ನು ಉಳಿಸಿಕೊಂಡರು. ಇಂದು ಪ್ರವಾಸಿಗಳು ಕಾಣುವ ಬೋಳುಗುಡ್ಡ ಪೆರಿಕ್ಲೀಸನ ಕಾಲದ್ದಲ್ಲ, ಹತ್ತೊಂಬತ್ತನೆಯ ಶತಮಾನದ ಸೃಷ್ಟಿ.

ಇನ್ನು ನೇರ ರೇಖೆಯ ವಿಷಯ. ನೆಲ ಸಮತಟ್ಟಾಗಿದ್ದರೆ ಕಣ್ಣಿಗೆ ನಡುವೆ ತಗ್ಗಿದಂತೆ ಕಾಣುತ್ತದೆ, ಆದ್ದರಿಂದ ನಡುವೆ ತುಸು ಉಬ್ಬಿಸಬೇಕು ಎಂದು ರೋಮಿನ ವಿಟ್ರೂವಿಯಸ್ ಕ್ರಿ.ಪೂ. ಒಂದನೆಯ ಶತಮಾನದಲ್ಲೇ ಬರೆದಿಟ್ಟಿದ್ದ. ಯುರೋಪಿನ ವಾಸ್ತುಶಿಲ್ಪಿಗಳಿಗೆಲ್ಲ ಆ ಗ್ರಂಥ ಕಂಠಪಾಠ. ಆದರೂ ಪಾರ್ಥೆನಾನ್ ಮೆಟ್ಟಿಲ ಮೇಲೆ ಓಡಾಡಿ ಅಳೆದ ಸ್ಟುವರ್ಟ್ ಮತ್ತು ರೆವೆಟ್ ಅವರಿಗೆ ಅದು ಕಾಣಲಿಲ್ಲ. ನೇರವಾಗಿರಲೇಬೇಕು ಎಂದುಕೊಂಡವರಿಗೆ ಬಾಗು ಕಾಣುವುದು ಕಷ್ಟ. ಹತ್ತೊಂಬತ್ತನೆಯ ಶತಮಾನದಲ್ಲಿ ಕೆಲವರಿಗೆ ಅನುಮಾನ ಬಂತು. 1846 ಮತ್ತು 1847ರಲ್ಲಿ ಪೆನ್ರೋಸ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ ಅಥೆನ್ಸಿಗೆ ಬಂದು ಇಡೀ ಕಟ್ಟಡವನ್ನು ಮತ್ತೆ ಅಳೆದು, 1851ರಲ್ಲಿ ಫಲಿತಾಂಶ ಪ್ರಕಟಿಸಿದ.

ಜಗತಿ ನಡುವೆ ಉಬ್ಬಿದೆ. ಉದ್ದದ ಬದಿಯಲ್ಲಿ ತುದಿಗಿಂತ ನಡುಭಾಗ ಸುಮಾರು 11 ಸೆಂಟಿಮೀಟರ್ ಎತ್ತರ, ಅಗಲದ ಬದಿಯಲ್ಲಿ 6 ಸೆಂಟಿಮೀಟರ್. ಮೆಟ್ಟಿಲಿನ ಒಂದು ತುದಿಯಲ್ಲಿ ಟೋಪಿಯೊಂದನ್ನು ಇಟ್ಟು, ಇನ್ನೊಂದು ತುದಿಗೆ ಹೋಗಿ ಕಲ್ಲಿನ ಮಟ್ಟಕ್ಕೆ ಕಣ್ಣಿಟ್ಟರೆ ಟೋಪಿ ಕಾಣುವುದಿಲ್ಲ. ಕಂಬಗಳು ನೆಟ್ಟಗೆ ನಿಂತಿಲ್ಲ, ಸುಮಾರು 7 ಸೆಂಟಿಮೀಟರ್ ಒಳಕ್ಕೆ ವಾಲಿವೆ. ಅವನ್ನು ಹಾಗೆಯೇ ಮೇಲಕ್ಕೆ ಬೆಳೆಸುತ್ತ ಹೋದರೆ ಎರಡು ಕಿಲೋಮೀಟರಿಗೂ ಎತ್ತರದಲ್ಲಿ ಎದುರುಬದುರು ಕಂಬಗಳು ಕೂಡುತ್ತವೆ. ಮೂಲೆಯ ಕಂಬಗಳು ಉಳಿದವಕ್ಕಿಂತ ತುಸು ದಪ್ಪ. ಕಂಬದ ಮೈಯೂ ನೇರ ಇಳಿಯದೆ ನಡುವೆ ಹಗುರವಾಗಿ ಉಬ್ಬಿದೆ. ಇದೆಲ್ಲ ಏತಕ್ಕೆ? ಕಣ್ಣಿನ ಭ್ರಮೆಯನ್ನು ಸರಿಪಡಿಸಲು ಎಂದು ವಿಟ್ರೂವಿಯಸ್ ಹೇಳಿದ್ದನ್ನು ಒಪ್ಪುವವರಿದ್ದಾರೆ. ಮಳೆನೀರು ಹರಿದುಹೋಗಲಿ ಎಂದು ಎನ್ನುವವರಿದ್ದಾರೆ. ಕಲ್ಲಿಗೆ ಜೀವದ ಬಿಗಿ ಕೊಡಲು ಎನ್ನುವವರೂ ಇದ್ದಾರೆ. ಮೂರರಲ್ಲಿ ಒಂದನ್ನೇ ಆರಿಸಬೇಕೆಂಬ ಹಟಕ್ಕೆ ಅರ್ಥವಿಲ್ಲ.

ಏತಕ್ಕೆ ಎನ್ನುವುದಕ್ಕಿಂತ ಹೇಗೆ ಎಂಬುದು ಕಷ್ಟದ ಪ್ರಶ್ನೆಯಾಗಿತ್ತು. ಇಷ್ಟು ಸೂಕ್ಷ್ಮ ಬಾಗುಗಳನ್ನು ಕಲ್ಲುಕುಟಿಗರಿಗೆ ಯಾವ ನಕ್ಷೆಯಿಂದ ತೋರಿಸಿದರು? ಗ್ರೀಕರ ಒಂದು ನಕ್ಷೆಯೂ ಸಿಕ್ಕಿರಲಿಲ್ಲ. ಉತ್ತರದ ಒಂದು ತುಣುಕು 1979ರಲ್ಲಿ ದೊರೆಯಿತು, ಅಥೆನ್ಸಿನಲ್ಲಲ್ಲ, ಈಗಿನ ತುರ್ಕಿಯಲ್ಲಿರುವ ಡಿಡಿಮಾದ ಅಪೊಲೊ ಗುಡಿಯಲ್ಲಿ. ಇದು ಪಾರ್ಥೆನಾನ್‌ಗಿಂತ ಶತಮಾನಕ್ಕೂ ಹೆಚ್ಚು ಈಚಿನದು. ಜರ್ಮನ್ ವಿದ್ವಾಂಸ ಹಾಸೆಲ್‌ಬರ್ಗರ್ ಅಲ್ಲಿನ ಗೋಡೆಗಳ ಮೇಲೆ ಕೂದಲೆಳೆಯಂತೆ ಗೀಚಿದ್ದ ಗೆರೆಗಳನ್ನು ಗಮನಿಸಿದರು. ಅವು ಗುಡಿಯ ನಕ್ಷೆಗಳೇ ಆಗಿದ್ದವು. ಕಂಬದ ಉಬ್ಬಿಗೆ ಒಂದು ಉಪಾಯವಿತ್ತು: ಅಗಲವನ್ನು ಪೂರ್ಣ ಅಳತೆಯಲ್ಲಿಟ್ಟು ಎತ್ತರವನ್ನು ಹದಿನಾರರಲ್ಲಿ ಒಂದು ಪಾಲಿಗೆ ಇಳಿಸಿ ಬರೆದಿದ್ದರು, ಅಂದರೆ ಒಂದು ಅಡಿಗೆ ಒಂದು ಬೆರಳು. ಹಾಗೆ ಬರೆದಾಗ ಕಣ್ಣಿಗೆ ಕಾಣದ ಉಬ್ಬು ಸ್ಪಷ್ಟವಾದ ಕಮಾನಾಗುತ್ತದೆ, ಅದರಿಂದ ಒಂದೊಂದು ಮಟ್ಟದ ದಪ್ಪವನ್ನೂ ಅಳೆದುಕೊಳ್ಳಬಹುದು. ಗುಡಿ ಪೂರ್ತಿಯಾಗಿದ್ದರೆ ಗೋಡೆಯನ್ನು ಕೊನೆಯ ಸಲ ಉಜ್ಜಿ ನಯಗೊಳಿಸುವಾಗ ಈ ಗೆರೆಗಳು ಅಳಿಸಿಹೋಗುತ್ತಿದ್ದವು. ಕೆಲಸ ಅರ್ಧಕ್ಕೆ ನಿಂತದ್ದರಿಂದ ನಕ್ಷೆ ಉಳಿಯಿತು.

ಈ ಬಾಗುಗಳ ಫಲವಾಗಿ ಪಾರ್ಥೆನಾನ್‌ನಲ್ಲಿ ಒಂದು ಕಲ್ಲಿನ ಜಾಗಕ್ಕೆ ಇನ್ನೊಂದು ಕಲ್ಲು ಸರಿಹೊಂದುವುದಿಲ್ಲ. ನೋಡಲು ಒಂದೇ ತರಹ ಕಂಡರೂ ಅಂಚಿನ ಕೋನಗಳು ಬೇರೆ. ಇದನ್ನು ಗಮನಿಸದ್ದರ ಬೆಲೆ ದೊಡ್ಡದು. 1894ರ ಭೂಕಂಪದ ಬಳಿಕ ಬಲನೋಸ್ ಎಂಬ ಎಂಜಿನಿಯರ್ 1898ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ದುರಸ್ತಿ ನಡೆಸಿ, ಬಿದ್ದಿದ್ದ ಉತ್ತರದ ಕಂಬಸಾಲನ್ನು ಎತ್ತಿ ನಿಲ್ಲಿಸಿದ. ಕೈಗೆ ಸಿಕ್ಕ ಕಲ್ಲನ್ನು ಹೊಂದುವಲ್ಲಿ ಇಟ್ಟು, ಹೊಂದದಿದ್ದರೆ ಕೆತ್ತಿ ಕೂರಿಸಿದ. ಕಲ್ಲುಗಳನ್ನು ಬಿಗಿಯಲು ಕಬ್ಬಿಣದ ಪಟ್ಟಿಗಳನ್ನು ಬಳಸಿದ. ಕಬ್ಬಿಣವನ್ನು ಪ್ರಾಚೀನರೂ ಬಳಸಿದ್ದರು. ಆದರೆ ಸುತ್ತಲೂ ಕರಗಿಸಿದ ಸೀಸ ಎರೆದು ನೀರು ತಾಗದಂತೆ ಮಾಡಿದ್ದರು, ಎರಡು ಸಾವಿರ ವರ್ಷ ಅವು ಹಾಗೆಯೇ ಉಳಿದಿದ್ದವು. ಬಲನೋಸನ ಕಬ್ಬಿಣಕ್ಕೆ ಸೀಸದ ಕವಚವಿರಲಿಲ್ಲ. ಅದು ತುಕ್ಕು ಹಿಡಿದು ಉಬ್ಬಿ, ಹಿಡಿದಿಡಬೇಕಾಗಿದ್ದ ಅಮೃತಶಿಲೆಯನ್ನೇ ಸೀಳತೊಡಗಿತು. ಅಷ್ಟರಲ್ಲಿ ನಗರದ ಹೊಗೆಯ ಗಂಧಕ ಕಲ್ಲಿನ ಮೈಯನ್ನು ಜಿಪ್ಸಮ್ ಪುಡಿಯಾಗಿ ಮಾಡುತ್ತಿತ್ತು. 1979ರಲ್ಲಿ ಎರೆಕ್ಥಿಯಾನ್ ಗುಡಿಯ ಕಂಬರೂಪದ ಕನ್ಯೆಯರನ್ನು ಒಳಗೆ ಸಾಗಿಸಿ ಹೊರಗೆ ಪ್ರತಿಕೃತಿ ನಿಲ್ಲಿಸಬೇಕಾಯಿತು.

1975ರಲ್ಲಿ ಗ್ರೀಸ್ ಸರ್ಕಾರ ಒಂದು ಸಮಿತಿ ನೇಮಿಸಿತು. ಅದರ ಎಂಜಿನಿಯರುಗಳು, ವಿಶೇಷವಾಗಿ ಮನೋಲಿಸ್ ಕೊರೆಸ್, ಗುಡ್ಡದ ಮೇಲೆ ಚೆದುರಿದ್ದ ಕಲ್ಲುಗಳನ್ನು ಒಂದೊಂದಾಗಿ ಅಳೆದು, ಉಳಿಯ ಗುರುತು, ಪಟ್ಟಿಯ ಕುಳಿ, ಅಂಚಿನ ಕೋನಗಳನ್ನು ಹೋಲಿಸಿ ಮೂಲದಲ್ಲಿ ಯಾವುದು ಎಲ್ಲಿತ್ತೆಂದು ಪತ್ತೆಹಚ್ಚಿದರು. ಬಲನೋಸ್ ಕೂರಿಸಿದ್ದ ಭಾಗಗಳನ್ನು ಮತ್ತೆ ಬಿಚ್ಚಿ, ಕಬ್ಬಿಣ ತೆಗೆದು, ತುಕ್ಕು ಹಿಡಿಯದ ಟೈಟಾನಿಯಂ ಹಾಕಿ, ಕಲ್ಲುಗಳನ್ನು ಅವುಗಳ ಜಾಗಕ್ಕೇ ಮರಳಿಸಿದರು. ಪ್ರತಿ ಕಲ್ಲಿನ ಬಾಗುವಿಕೆಯೂ ಬೇರೆ ಎಂಬುದು ದುರಸ್ತಿಗೆ ತೊಡಕಾಗುವ ಬದಲು ಸುಳಿವಾಯಿತು.

ಬಣ್ಣದ ವಿಷಯದಲ್ಲೂ ಅಳತೆ ಮುಂದುವರಿದಿದೆ. ಪ್ರಾಚೀನರು ಬಳಸುತ್ತಿದ್ದ ಈಜಿಪ್ಷಿಯನ್ ನೀಲಿ ಎಂಬ ಬಣ್ಣದ ಮೇಲೆ ಸಾಮಾನ್ಯ ಬೆಳಕು ಬಿಟ್ಟರೆ ಅದು ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು ಹೊಮ್ಮಿಸುತ್ತದೆ. ಅದನ್ನು ಹಿಡಿಯುವ ಕ್ಯಾಮರಾದಿಂದ ಲಂಡನ್ನಿನ ಶಿಲ್ಪಗಳನ್ನು ನೋಡಿದಾಗ, 2009ರಲ್ಲಿ ದೇವತೆ ಐರಿಸ್‌ಳ ಸೊಂಟಪಟ್ಟಿಯಲ್ಲಿ ನೀಲಿ ಸಿಕ್ಕಿತು. 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇನ್ನೂ ಹಲವು ಶಿಲ್ಪಗಳಲ್ಲಿ ನೀಲಿಯೂ ನೇರಳೆಯೂ ಕಂಡವು. 1938ರ ಕೆರೆತವನ್ನೂ ಮೀರಿ ಮಡಿಕೆಗಳ ಸಂದಿಗಳಲ್ಲಿ ಬಣ್ಣ ಉಳಿದುಕೊಂಡಿತ್ತು.

ಅಥೆನ್ಸಿನಲ್ಲಿ ಮುರಿದ ಕಲ್ಲಿಗೆ ತೇಪೆ ಹಾಕಬೇಕಾದಾಗ ಅದೇ ಪೆಂಟೆಲಿಕಾನ್ ಬೆಟ್ಟದ ಹೊಸ ಅಮೃತಶಿಲೆ ತರುತ್ತಾರೆ. ಹಳೆಯ ಕಲ್ಲಿನ ಮುರಿದ ಮೈಯನ್ನು ಚೂರೂ ಕೆತ್ತುವುದಿಲ್ಲ. ಅದರ ಏರುತಗ್ಗಿಗೆ ಸರಿಯಾಗಿ ಹೊಸದನ್ನೇ ಕೆತ್ತಿ ಕೂಡಿಸುತ್ತಾರೆ. ಈ ಶಿಲೆಯಲ್ಲಿ ಕಬ್ಬಿಣದ ಅಂಶವಿರುವುದರಿಂದ ವರ್ಷಗಳು ಕಳೆದಂತೆ ಅದು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಇಂದು ಪಾರ್ಥೆನಾನ್‌ನಲ್ಲಿ ಹಾಲಿನಂತೆ ಬೆಳ್ಳಗೆ ಕಾಣುವುದು ಈಚೆಗೆ ಹಾಕಿದ ಈ ತೇಪೆಗಳು ಮಾತ್ರ.